ಕೊಳೆತದ್ದನ್ನು ಕಚ್ಚಾವಸ್ತುವಾಗಿಸುವ ನೊಣ

ಹಣ್ಣಿನ ಮಂಡಿ, ಹೋಟೆಲು, ಆಹಾರ ಸಂಸ್ಕರಣಾ ಘಟಕಗಳಿಗೆ ಹಸಿ ತ್ಯಾಜ್ಯವೆಂದರೆ ಸಾಗಾಟದ ವೆಚ್ಚ ಮತ್ತು ನೊಣಗಳ ಕಾಟ. ಕೊಳೆಯುವ ಪದಾರ್ಥದಲ್ಲಿ ಮನೆನೊಣ ಇಟ್ಟ ಮೊಟ್ಟೆ ಸುಮಾರು ಒಂದು ದಿನದಲ್ಲಿ ಒಡೆಯುತ್ತದೆ. ಬೇಸಿಗೆಯಲ್ಲಿ ಏಳರಿಂದ ಹತ್ತು ದಿನಗಳೊಳಗೆ ಹೊಸ ಪೀಳಿಗೆ ಹಾರಾಡತೊಡಗುತ್ತದೆ. ವಾರಕ್ಕೆ ಎರಡು ಬಾರಿಯಾದರೂ ಕಸ ತೆರವುಗೊಳಿಸಿದರೆ ಈ ಸರಪಳಿ ತುಂಡಾಗುತ್ತದೆ.

ಆದರೆ ನೊಣಗಳೆಲ್ಲವೂ ಶತ್ರುಗಳಲ್ಲ. ಅಮೆರಿಕ ಖಂಡಗಳ ಮೂಲದ ‘ಬ್ಲ್ಯಾಕ್ ಸೋಲ್ಜರ್ ಫ್ಲೈ’ ಇದಕ್ಕೆ ನಿದರ್ಶನ. ಹೆಣ್ಣು ನೊಣ ಒಮ್ಮೆಗೆ ನೂರಾರು ಮೊಟ್ಟೆಗಳನ್ನಿಡುತ್ತದೆ. ಸುಮಾರು ನಾಲ್ಕು ದಿನಗಳಲ್ಲಿ ಹೊರಬರುವ ಮರಿಹುಳುಗಳು ಎರಡು-ಮೂರು ವಾರ ತ್ಯಾಜ್ಯವನ್ನು ಎಡೆಬಿಡದೆ ತಿಂದು, ಅದರ ಪ್ರಮಾಣವನ್ನು ಅರ್ಧಕ್ಕೂ ಕಡಿಮೆಗೊಳಿಸಬಲ್ಲವು. ಬಲಿತ ಹುಳುಗಳು ಒಣಜಾಗ ಅರಸಿ ತಾವಾಗಿಯೇ ಮೇಲೇರುವುದರಿಂದ ಅವುಗಳ ಸಂಗ್ರಹಣೆ ಸುಲಭ. ಅನಂತರದ್ದು ಕೋಶಾವಸ್ಥೆ. ಪ್ರೌಢ ನೊಣ ಕೆಲವೇ ದಿನ ಬದುಕುತ್ತದೆ. ಮನೆನೊಣದಂತೆ ಊಟದ ಮೇಲೆ ಎರಗುವುದಿಲ್ಲ.

ಒಣಗಿಸಿದ ಹುಳುವಿನಲ್ಲಿ ಸುಮಾರು ಶೇ. 40ರಷ್ಟು ಪ್ರೋಟೀನ್ ಇದ್ದು, ಅದು ಮೀನಿನ ಹಾಗೂ ಕೋಳಿಯ ಆಹಾರಕ್ಕೆ ಒದಗುತ್ತದೆ. ಉಳಿಕೆ ಗೊಬ್ಬರವಾಗುತ್ತದೆ. ಐರೋಪ್ಯ ಒಕ್ಕೂಟವು ಕೀಟ ಪ್ರೋಟೀನನ್ನು ಸಾಕಣೆ ಮೀನುಗಳ ಆಹಾರದಲ್ಲಿ ಬಳಸಲು 2017ರಲ್ಲಿ, ಕೋಳಿ ಮತ್ತು ಹಂದಿಗಳ ಆಹಾರದಲ್ಲಿ ಬಳಸಲು 2021ರಲ್ಲಿ ಅನುಮತಿ ನೀಡಿತು.

ಈ ಉದ್ಯಮದಲ್ಲಿ ಎಚ್ಚರವೂ ಅಗತ್ಯ. ತ್ಯಾಜ್ಯದಲ್ಲಿನ ಕ್ಯಾಡ್ಮಿಯಂ ಹುಳುವಿನ ದೇಹದಲ್ಲಿ ಶೇಖರಗೊಳ್ಳುತ್ತದೆ. ಆದ್ದರಿಂದ ಮೂಲದಲ್ಲೇ ಕಸ ವಿಂಗಡಿಸಬೇಕು. ತೇವಾಂಶ ಅತಿಯಾದರೆ ದುರ್ವಾಸನೆ ಏಳುತ್ತದೆ. ಮೊದಲು ಖರೀದಿದಾರರನ್ನು ಗೊತ್ತುಮಾಡಿಕೊಂಡು, ಸಣ್ಣ ತೊಟ್ಟಿಯೊಂದರಲ್ಲಿ ಪ್ರಯೋಗಿಸಿ, ಅನಂತರ ಬಂಡವಾಳ ಹೂಡುವುದು ವಿವೇಕ.