ಇರುಳುಗುರುಡೂ ಹಿತ್ತಲ ಸೊಪ್ಪೂ

ಮುಚ್ಚಂಜೆಯಾಗುತ್ತಲೇ ಮಗುವು ಹೊಸ್ತಿಲನ್ನೆಡವುವುದು, ತಟ್ಟೆಯಲ್ಲಿರುವ ಅನ್ನವನ್ನು ತಡವಿ ಹುಡುಕುವುದು, ಆಟವನ್ನು ಬಿಟ್ಟು ಮೂಲೆಯನ್ನು ಸೇರುವುದು, ಇವು ಇರುಳುಗುರುಡಿನ ಮೊದಲ ಗುರುತುಗಳು. ಇದನ್ನು ಗ್ರಹಚಾರವೆಂದೆಣಿಸಿ ಸುಮ್ಮನಿರತಕ್ಕದ್ದಲ್ಲ. ಆಹಾರದಲ್ಲಿ ‘ಎ’ ಜೀವಸತ್ವವು ಸಾಲದಿರುವುದೇ ಇದಕ್ಕೆ ಸಾಮಾನ್ಯವಾದ ಕಾರಣವು.

1913ನೆಯ ಇಸವಿಯಲ್ಲಿ ಅಮೆರಿಕಾ ದೇಶದ ಮೆಕಾಲಮ್ ಮತ್ತು ಡೇವಿಸ್ ಎಂಬ ಶಾಸ್ತ್ರಜ್ಞರು ಬೆಣ್ಣೆ ಮತ್ತು ಮೊಟ್ಟೆಗಳ ಕೊಬ್ಬಿನಲ್ಲಿ ಈ ಸತ್ವವಿರುವುದನ್ನು ಪ್ರಕಟಿಸಿದರು. ಮಂದ ಬೆಳಕನ್ನು ಗ್ರಹಿಸುವ ವರ್ಣದ್ರವ್ಯವು ಕಣ್ಣಿನ ಒಳಪರದೆಯಲ್ಲಿ ಉಂಟಾಗಲು ಇದು ಅವಶ್ಯವು. ಇದು ಕಡಿಮೆಯಾದರೆ ಮೊದಲು ಇರುಳಿನ ನೋಟವು ಕುಂದುವುದು. ಬಳಿಕ ಕಣ್ಣಿನ ಬಿಳಿಯ ಭಾಗವು ಒಣಗಿ, ನೊರೆಯಂತಹ ಮಚ್ಚೆಗಳು ಕಾಣುವುವು. ಕೊನೆಗೆ ಕರಿಗುಡ್ಡೆಯು ಹುಣ್ಣಾಗಿ ಕರಗುವುದು. ಹೀಗೆ ಹೋದ ದೃಷ್ಟಿಯು ಮರಳಿ ಬಾರದು. ಇಂತಹ ಮಕ್ಕಳಿಗೆ ದಡಾರ, ಭೇದಿಗಳು ಬಂದರೆ ಪ್ರಾಣಕ್ಕೂ ಅಪಾಯವುಂಟು.

ದನ ಸಾಕುವವರು ಇದನ್ನು ಸುಲಭವಾಗಿ ತಿಳಿಯಬಹುದು. ಬರಗಾಲದಲ್ಲಿ ತಿಂಗಳುಗಟ್ಟಲೆ ಒಣಹುಲ್ಲನ್ನೇ ಮೇದ ಹಸುವಿಗೂ ಇರುಳಿನಲ್ಲಿ ಕಣ್ಣು ಕಾಣದಾಗುವುದು. ಅದರ ಕರುವು ಕುರುಡಾಗಿ ಹುಟ್ಟುವುದೂ ಉಂಟು. ಹಸುವಿಗೆ ಹಸುರು ಮೇವು ಹೇಗೋ ಮಗುವಿಗೆ ಸೊಪ್ಪು ಹಾಗೆ. ಅಕ್ಕಿ, ರಾಗಿ, ಜೋಳಗಳು ಹೊಟ್ಟೆಯನ್ನು ತುಂಬಿದರೂ ಈ ಕೊರತೆಯನ್ನು ತುಂಬಲಾರವು.

ನುಗ್ಗೆ, ದಂಟು, ಮೆಂತ್ಯ ಮೊದಲಾದ ಸೊಪ್ಪುಗಳಲ್ಲಿಯೂ ಮಾವು, ಪರಂಗಿ ಹಣ್ಣುಗಳಲ್ಲಿಯೂ ಇರುವ ಹಳದಿಯ ಅಂಶವು ದೇಹದಲ್ಲಿ ‘ಎ’ ಸತ್ವವಾಗಿ ಮಾರ್ಪಡುವುದು. ಇದು ಜಿಡ್ಡಿನೊಡನೆಯೇ ಚೆನ್ನಾಗಿ ಮೈಗೆ ಹತ್ತುವುದರಿಂದ ಸೊಪ್ಪಿಗೆ ಸ್ವಲ್ಪ ಎಣ್ಣೆಯ ಒಗ್ಗರಣೆಯಾದರೂ ಬೇಕು. ಸೊಪ್ಪನ್ನು ಬಿಸಿಲಿನಲ್ಲಿ ಒಣಗಿಸಿದರೆ ಸತ್ವವು ಬಹಳ ನಷ್ಟವಾಗುವುದು. ಹಾಲು, ಬೆಣ್ಣೆ, ಮೊಟ್ಟೆ, ಈಲಿಗಳಲ್ಲಿ ಸತ್ವವು ಸಿದ್ಧರೂಪದಲ್ಲಿಯೇ ಇರುವುದು.

ರೋಗದ ಗುರುತು ಕಂಡ ಮಗುವಿಗೆ ಸೊಪ್ಪೊಂದೇ ಸಾಲದು; ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಭಾರತದಲ್ಲಿ 1970ರಿಂದ ಈ ಸತ್ವವನ್ನು ಮಕ್ಕಳಿಗೆ ಹನಿಯಾಗಿ ಕೊಡುವ ಕಾರ್ಯಕ್ರಮವು ನಡೆದಿದೆ. ಒಂಬತ್ತನೆಯ ತಿಂಗಳಿಂದ ಐದು ವರ್ಷದವರೆಗೆ ಆರಾರು ತಿಂಗಳಿಗೊಮ್ಮೆ, ಒಟ್ಟು 9 ಸಲ, ಇದನ್ನು ಕುಡಿಸುವರು. ಮಿತಿ ಮೀರಿದರೆ ಕೆಡಕಾದುದರಿಂದ ತಾವಾಗಿಯೇ ಕೊಡಕೂಡದು.

ಗ್ರಾಮದ ಮುಖಂಡರು ತಮ್ಮೂರಿನ ಒಂದು ಮಗುವೂ ಈ ಹನಿಗಳಿಗೆ ತಪ್ಪದಂತೆ ನೋಡಿಕೊಳ್ಳಬೇಕು. ಜಮೀನುದಾರರು ಮಳೆಗಾಲದ ಮೊದಲಲ್ಲಿ ಮೂರು ನಾಲ್ಕು ಅಡಿ ಉದ್ದದ ನುಗ್ಗೆಯ ಕೊಂಬೆಗಳನ್ನು ಹಿತ್ತಲಿನಲ್ಲಿಯೂ ಹೊಲದ ಬದುಗಳಲ್ಲಿಯೂ ನೆಡಿಸಲಿ. ಹಿತ್ತಲಿಲ್ಲದ ಕೂಲಿಕಾರರ ಮನೆಗಳಲ್ಲಿಯೂ ಮಕ್ಕಳಿರುವರು. ಬದುವಿನ ಸೊಪ್ಪನ್ನು ಕೊಯ್ದುಕೊಳ್ಳಲು ಅವರಿಗೆ ಅಡ್ಡಿಮಾಡದಿರಲಿ. ಚಿಗುರು ಕೊಯ್ದಷ್ಟೂ ನುಗ್ಗೆಯು ಮತ್ತೆ ಕವಲೊಡೆಯುವುದಾದುದರಿಂದ ಇದರಲ್ಲಿ ಯಾರಿಗೂ ನಷ್ಟವಿಲ್ಲ.