ನೀರುಗಂಟಿಯ ನೆನಪು ನಕ್ಷೆಗೆ ಇಳಿಯಲಿ

ಶಿವಮೊಗ್ಗಕ್ಕೆ ನೀರುಣಿಸುವವಳು ತುಂಗೆ. ಹೊಳೆ ಹರಿಯುವುದು ತಗ್ಗಿನಲ್ಲಿ. ಊರಿನ ರಾಗಿಗುಡ್ಡ ಬಡಾವಣೆಯ ಹೆಸರಿನಲ್ಲೇ ಏರು ಇದೆ. ನೀರು 10 ಮೀಟರ್ ಮೇಲೇರಬೇಕಾದರೆ ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ಒತ್ತಡ ಖರ್ಚಾಗುತ್ತದೆ. ಪೈಪಿನ ಒಳಮೈಗೆ ಉಜ್ಜಿ ಕಳೆದುಹೋಗುವ ಒತ್ತಡ ಬೇರೆ. ಅದಕ್ಕೇ ಕೆಳಗಿನ ಬೀದಿಯಲ್ಲಿ ಕೊಡ ತುಂಬಿ ಚೆಲ್ಲುವ ಹೊತ್ತಿಗೆ ಏರಿನ ನಲ್ಲಿಯಲ್ಲಿ ಬರೀ ಗಾಳಿ ಬರಬಹುದು.

ಇದನ್ನು ನೆಲ ಅಗೆಯುವ ಮೊದಲೇ ತಿಳಿಯುವ ದಾರಿ ಜಿಐಎಸ್ ನಕ್ಷೆ. ರಸ್ತೆ, ಮನೆ, ಪೈಪು, ವಾಲ್ವು, ನೆಲದ ಎತ್ತರ ಎಲ್ಲವೂ ಅದರಲ್ಲಿ ಪದರ ಪದರವಾಗಿ ಕೂರುತ್ತವೆ. ಇದಕ್ಕೆ ಬೇಕಾದ ಕ್ಯೂಜಿಐಎಸ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಪೈಪಿನೊಳಗಿನ ಹರಿವು, ಒತ್ತಡ ಲೆಕ್ಕ ಹಾಕುವ ಎಪಾನೆಟ್ ಕೂಡ ಉಚಿತ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅದನ್ನು 1993ರಲ್ಲೇ ಹೊರತಂದಿತು.

ಕಾಮಗಾರಿಯ ಎಸ್ಟಿಮೇಟ್ ನಿಂತಿರುವುದೂ ಇದೇ ನಕ್ಷೆಯ ಮೇಲೆ. 300 ಮೀಟರ್ ಉದ್ದದ ಬೀದಿಗೆ 60 ಸೆಂ.ಮೀ. ಅಗಲ, 1 ಮೀಟರ್ ಆಳದ ಕಾಲುವೆ ತೋಡಬೇಕೆನ್ನಿ. ಅಗೆತ 180 ಘನ ಮೀಟರ್. ಆ ಬೀದಿಯಲ್ಲಿ ಕಾಂಕ್ರೀಟ್ ಎಷ್ಟು, ಮಣ್ಣೆಷ್ಟು, ಬಂಡೆಯೆಷ್ಟು ಎಂಬುದರ ಮೇಲೆ ದರ ಬದಲಾಗುತ್ತದೆ. ರಸ್ತೆ ಮತ್ತೆ ಸರಿಮಾಡುವ ಖರ್ಚೂ ಸೇರಬೇಕು. ಮನೆಯಲ್ಲಿ ಐವರಿದ್ದು ತಲಾ 135 ಲೀಟರ್ ಹಿಡಿದರೆ ದಿನಕ್ಕೆ 675 ಲೀಟರ್. ಪೈಪಿನ ವ್ಯಾಸ ತೀರ್ಮಾನವಾಗುವುದು ಇಂಥ ಲೆಕ್ಕದಿಂದ. ನಕ್ಷೆ ಸರಿಯಿದ್ದರೆ ಇವೆಲ್ಲ ಟೆಂಡರಿಗೆ ಮೊದಲೇ ಕೈಗೆ ಸಿಗುತ್ತವೆ. ತಪ್ಪಿದ್ದರೆ ಕೆಲಸ ಅರ್ಧಕ್ಕೆ ನಿಂತು, ಪರಿಷ್ಕೃತ ಅಂದಾಜು ಪಟ್ಟಿ ಬರುತ್ತದೆ.

ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ವಾರ್ಡುಗಳಲ್ಲಿ 2008ರಿಂದ ದಿನವಿಡೀ ನೀರು ಹರಿದದ್ದನ್ನು ಕರ್ನಾಟಕ ಕಂಡಿದೆ. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿ ಸೇರಿದ ಶಿವಮೊಗ್ಗದ ಏರಿನ ಮನೆಗಳಿಗೂ ಅದೇ ಹಕ್ಕಿದೆ.

ಆದರೆ ಕಂಪ್ಯೂಟರಿಗೆ ನಾವು ತುಂಬಿದ್ದಷ್ಟೇ ಗೊತ್ತು. ಡಾಂಬರಿನಡಿ ಹುದುಗಿದ ವಾಲ್ವು ಯಾವ ಮನೆಯ ಮುಂದಿದೆ, ಅದನ್ನು ಎಷ್ಟು ಸುತ್ತು ತಿರುಗಿಸಿದರೆ ಮೇಲಿನ ಬೀದಿಗೆ ನೀರು ಹತ್ತುತ್ತದೆ ಎಂಬುದು ಬೀದಿಗೆ ನೀರು ಬಿಡುವ ನೀರುಗಂಟಿಗೆ ಗೊತ್ತು. ಅವರು ನಿವೃತ್ತರಾದ ದಿನ ಆ ತಿಳಿವಳಿಕೆಯೂ ಮನೆಗೆ ಹೋಗುತ್ತದೆ. ಎಂಜಿನಿಯರುಗಳು ಅವರ ಜೊತೆ ಬೀದಿ ಬೀದಿ ನಡೆದು ಪ್ರತಿ ವಾಲ್ವನ್ನೂ ಗುರುತಿಸಲಿ. ಹೊಸ ಪೈಪು ಹಾಕಿದ ದಿನವೇ, ಕಾಲುವೆ ಮುಚ್ಚುವ ಮೊದಲು, ಅದು ನಕ್ಷೆಗೆ ಸೇರಲಿ.