ಒಂಬತ್ತನೇ ತಾರೀಖಿನ ರಜೆ

ನಮ್ಮ ಆನೆಗೊಂದಿಯಲ್ಲಿ ಬಾಳೆನಾರು ಹೆಣೆಯುವ, ಗದ್ದೆಯಲ್ಲಿ ಭತ್ತ ನಾಟಿ ಮಾಡುವ ಬಸುರಿಯರನ್ನು ನಾನು ದಿನವೂ ನೋಡುತ್ತೇನೆ. ಕಂಪನಿ, ಕಚೇರಿಗಳ ಹೆಂಗಸರಿಗೆ 2017ರ ತಿದ್ದುಪಡಿಯಿಂದ ಮೊದಲೆರಡು ಮಕ್ಕಳ ಹೆರಿಗೆಗೆ ಸಂಬಳದ ರಜೆ 12ರಿಂದ 26 ವಾರಕ್ಕೆ ಏರಿತು. ಅದರಲ್ಲಿ 8 ವಾರವನ್ನು ಹೆರಿಗೆಗೆ ಮುಂಚೆಯೇ ಪಡೆಯಬಹುದು. ದಿನಗೂಲಿಯವರಿಗೋ, ರಜೆಯೆಂದರೆ ಕೂಲಿ ಖೋತಾ!

ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯಿದೆ. ರಕ್ತಹೀನತೆ, ಏರಿದ ರಕ್ತದೊತ್ತಡ ಬೇಗ ಗೊತ್ತಾದರೆ ತಾಯಿ, ಮಗು ಇಬ್ಬರನ್ನೂ ಉಳಿಸಿಕೊಳ್ಳಬಹುದು. ಕೆಲಸ ಕೊಡುವವರಲ್ಲಿ ನನ್ನದೊಂದೇ ವಿನಂತಿ: ಆ ಒಂದು ದಿನದ ಕೂಲಿ ಹಿಡಿಯಬೇಡಿ.

ಮನೆಯವರಿಗೂ ಒಂದು ಮಾತು. ಕುಬುಸಕ್ಕೆ ಊರೆಲ್ಲ ಕೂಡುತ್ತೇವೆ. ತಾಯಿ ಕಾರ್ಡ್ ಹಿಡಿದು ತಪಾಸಣೆಗೆ ಹೊರಟವಳ ಜೊತೆ ಒಬ್ಬರಾದರೂ ಹೋಗೋಣ.